ಆ ಗೆರೆ ಏನು ಸಾರ್?

ಆರ್.ಟಿ. ನಗರದಲ್ಲಿ ಹಿಮದ ಬಗ್ಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದ ಕಾಲ ಒಂದಿತ್ತು. ಪೈಪೋಟಿಗೆ ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು. ದಿಣ್ಣೂರು ಮುಖ್ಯರಸ್ತೆಯಲ್ಲಿ ನಾಲ್ಕು ಆಲಿಕಲ್ಲು ಬಿದ್ದರೆ ಅಂಗಡಿಯವರೆಲ್ಲ ಮೊಬೈಲು ಹಿಡಿದು ಹೊರಗೆ ಬರುವ ಊರು ನಮ್ಮದು. ಅಂಥಲ್ಲಿ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೂತು, ಜಿ.ಎಸ್.ಟಿ. ಕಟ್ಟುವ ಕೊನೇ ದಿನಗಳ ನಡುವೆ, ನಾನು ಹಿಮದ ಪದರಗಳ ವಿಚಾರ ಓದುತ್ತಿದ್ದೆ. ಓದಿದ್ದನ್ನು ಊಟದ ಡಬ್ಬಿ ಬಿಚ್ಚಿದವರಿಗೆಲ್ಲ ಹೇಳುತ್ತಿದ್ದೆ. ಪಾಪ, ಅವರು ಕೇಳುತ್ತಲೂ ಇದ್ದರು.

ಈ ಹುಚ್ಚು ಹತ್ತಿದ್ದು 2016ರ ಫೆಬ್ರವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ತುಕಡಿಯೊಂದರ 10 ಸೈನಿಕರು ಹೂತುಹೋದರು. 19 ಸಾವಿರ ಅಡಿಗಿಂತ ಎತ್ತರದ ಜಾಗ. ಹತ್ತರಲ್ಲಿ ಮೂವರು ನಮ್ಮ ರಾಜ್ಯದವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್, ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ. ಐದು ದಿನ ಕಳೆದ ಮೇಲೆ ಯಾರೂ ಉಳಿದಿರಲಾರರು ಎಂದು ಎಲ್ಲರೂ ಕೈಬಿಟ್ಟಿದ್ದಾಗ, 8ರ ರಾತ್ರಿ ಸುಮಾರು 25 ಅಡಿ ಹಿಮದ ಅಡಿಯಿಂದ ಹನುಮಂತಪ್ಪನವರನ್ನು ಜೀವಂತ ಹೊರತೆಗೆದರು. ಟೆಂಟಿನೊಳಗೆ ಒಂದಿಷ್ಟು ಗಾಳಿ ಉಳಿದಿತ್ತಂತೆ. ನಮ್ಮ ಬೀದಿಯ ಗಣಪತಿ ಗುಡಿಯಲ್ಲಿ ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಿದವರಿದ್ದರು. ಮೂರನೇ ದಿನ, 11ರಂದು, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಹೋದರು. ಅವತ್ತು ಮಧ್ಯಾಹ್ನ ನಮ್ಮ ಆಫೀಸಿನಲ್ಲಿ ಟಿ.ವಿ. ಮುಂದೆ ನಿಂತಿದ್ದವರಲ್ಲಿ ಮಾತಾಡಿದವರು ಯಾರೂ ಇಲ್ಲ.

ಬೇರೆಯವರಿಗೆ ದುಃಖವಾಯಿತು, ಸುಮ್ಮನಾದರು. ನನಗೆ ದುಃಖದ ಜೊತೆಗೆ ಲೆಕ್ಕ ಹಾಕುವ ಚಟ. 25 ಅಡಿ ಅಂದರೆ ಎಷ್ಟು ಭಾರ? ಎಷ್ಟು ಹೊತ್ತು ಉಸಿರು ಉಳಿಯುತ್ತದೆ? ಹುಡುಕುತ್ತಾ ಹೋದಂತೆ ಒಂದು ಹೊಸ ಲೋಕವೇ ತೆರೆಯಿತು. ಸ್ವಿಟ್ಜರ್ಲೆಂಡಿನವರು ದಶಕಗಳ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ: ಹಿಮದಲ್ಲಿ ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿತೋ, ಮೂವರು ಉಳಿದರೆ ಹೆಚ್ಚು. ಕುಸಿಯುವ ಇಳಿಜಾರುಗಳು ಬಹುಪಾಲು 30ರಿಂದ 45 ಡಿಗ್ರಿಯ ನಡುವಿನವು. ಅದಕ್ಕಿಂತ ಕಡಿದಾಗಿದ್ದರೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಕಡಿಮೆ ಇದ್ದರೆ ಜಾರುವುದು ಅಪರೂಪ. ವಿಹಾರಕ್ಕೆ ಹೋಗಿ ಸತ್ತವರ ಮೇಲೆ ಬಿದ್ದ ಹಿಮವನ್ನು ಹತ್ತಕ್ಕೆ ಒಂಬತ್ತು ಸಲ ಅವರೋ ಅವರ ಜೊತೆಗಾರರೋ ತಾವೇ ತುಳಿದು ಸಡಿಲಿಸಿರುತ್ತಾರೆ. ಆಕಾಶ ಬಿರಿದು ತಲೆ ಮೇಲೆ ಬೀಳುವುದೆಲ್ಲ ಸಿನಿಮಾದಲ್ಲಿ.

ನನಗೆ ತೀರಾ ಹಿಡಿಸಿದ್ದು ಪದರಗಳ ವಿಚಾರ. ಚಳಿಗಾಲದ ಮೊದಲಲ್ಲಿ ಸ್ವಲ್ಪವೇ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಆಕಾಶ ಶುಭ್ರವಾಗಿ ರಾತ್ರಿ ಕೊರೆಯಿತು ಅನ್ನಿ. ಅಡಿಯ ನೆಲ ಸೊನ್ನೆ ಡಿಗ್ರಿಯ ಹತ್ತಿರವೇ ಇರುತ್ತದೆ, ಮೇಲ್ಮೈ ಅದಕ್ಕಿಂತ ಎಷ್ಟೋ ತಣ್ಣಗೆ. ಕೆಳಗಿನ ಆವಿ ಮೇಲಕ್ಕೆ ಹೋಗುತ್ತಾ ಹೋಗುತ್ತಾ ನಡುವಿನ ಹಿಮದ ಹರಳುಗಳ ರೂಪವೇ ಬದಲಾಗಿ, ಒಂದಕ್ಕೊಂದು ಅಂಟದ ಮೂಲೆಮೂಲೆಯ ಕಾಳುಗಳಾಗುತ್ತವೆ. ಕೇಸರಿಬಾತಿಗೆ ಹುರಿದಿಟ್ಟ ರವೆಯ ಹಾಗೆ: ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಅದರ ಮೇಲೆ ಗಟ್ಟಿ ಹಿಮ ಕೂತಾಗ ನೋಡುವವರಿಗೆ ಎಲ್ಲ ಬೆಳ್ಳಗೆ, ಭದ್ರವಾಗಿ ಕಾಣುತ್ತದೆ. ಒಳಗೆ ರವೆಯ ಮೇಲೆ ನಿಂತ ಚಪ್ಪಡಿ ಅದು. ಈ ವಿವರಣೆಯನ್ನು ನಾನು ಒಂದು ಸಲ ಅಡುಗೆಮನೆಯಲ್ಲಿ ಡಬ್ಬದಿಂದ ರವೆ ತೆಗೆದು, ಮೇಲೆ ತಟ್ಟೆ ಇಟ್ಟು, ಹಲಗೆಯನ್ನು ಓರೆ ಮಾಡಿ ಹೆಂಡತಿಗೆ ತೋರಿಸಿದೆ. ತಟ್ಟೆ ಚೆನ್ನಾಗಿ ಜಾರಿತು. ರವೆ ಗುಡಿಸಿದ್ದೂ ನಾನೇ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರುವುದು ಹೇಗೆ? ಕೆಲವು ವರ್ಷದ ನಂತರ, ಒಂದು ಮಾರ್ಚಿನಲ್ಲಿ, ಉತ್ತರಾಖಂಡದ ಹರ್ ಕಿ ದೂನ್‌ಗೆ ಹೊರಟೆವು. ನಾನು, ನನ್ನ ಭಾವಮೈದ, ಆಫೀಸಿನ ಇಬ್ಬರು ಹುಡುಗರು. ತಯಾರಿ ಅಂತ ಬೆಳಗ್ಗೆ ಬೆಳಗ್ಗೆ ಜಿ.ಕೆ.ವಿ.ಕೆ. ಆವರಣದಲ್ಲಿ ಬೀಸುನಡಿಗೆ, ಭಾನುವಾರ ನಂದಿಬೆಟ್ಟದ ಮೆಟ್ಟಿಲು. ಡೆಹ್ರಾಡೂನಿನಿಂದ ಇಡೀ ದಿನ ಜೀಪಿನಲ್ಲಿ ಕುಲುಕಿ ಸಾಂಕ್ರಿ ಸೇರಿ, ಅಲ್ಲಿಂದ ತಾಲುಕಾ, ಆಮೇಲೆ ನಡಿಗೆಯಲ್ಲಿ ಓಸ್ಲಾ. ಕಣಿವೆಯ ಕೊನೆಗೆ ಸ್ವರ್ಗಾರೋಹಿಣಿ ಶಿಖರಗಳು. ಪಾಂಡವರು ಸ್ವರ್ಗಕ್ಕೆ ಹೋದದ್ದು ಇದೇ ದಾರಿಯಲ್ಲಿ ಎಂದು ಅಲ್ಲಿಯವರ ನಂಬಿಕೆ. ಹುಡುಗರಿಗೆ ಆ ಕಥೆಯನ್ನೂ ನಾನೇ ಹೇಳಿದೆ. ಹಾಗೆ ಹೊರಟ ಆರು ಜನರಲ್ಲಿ ಐವರು ದಾರಿಯಲ್ಲೇ ಬಿದ್ದರು ಅನ್ನುವ ಭಾಗ ಮಾತ್ರ ಯಾಕೋ ಆಗ ತಲೆಗೆ ಹೋಗಲಿಲ್ಲ.

ನಮ್ಮ ಗೈಡು ಆ ಕಣಿವೆಯವನೇ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ನಾನು ದಾರಿಯುದ್ದಕ್ಕೂ ಅವನಿಗೆ ಹಿಮದ ಪಾಠ ಮಾಡಿದೆ. ನನ್ನ ಹಿಂದಿ ಚಿಕ್ಕಪೇಟೆಯ ಹಿಂದಿ. ಅದರಲ್ಲಿ ಹಿಮದ ಹರಳಿನ ರೂಪಾಂತರ ವಿವರಿಸುವುದು ಸುಲಭವಲ್ಲ. ಅವನು ಪ್ರತಿ ವಾಕ್ಯಕ್ಕೂ "ಜೀ ಸರ್" ಅಂದ.

ಓಸ್ಲಾ ಬಿಟ್ಟು ಮೇಲೆ ಹೋದ ದಿನ, ಬೆಟ್ಟದ ನೆತ್ತಿಯಿಂದ ನದಿಯವರೆಗೂ ಇಳಿದ ಒಂದು ಅಗಲವಾದ ಕೊರಕಲು ದಾರಿಗೆ ಅಡ್ಡ ಬಂತು. ಅದರೊಳಗೆ ಮರ ಒಂದೂ ಇಲ್ಲ, ಎರಡು ಬದಿಯಲ್ಲೂ ಇವೆ. ಮರ ಯಾಕಿಲ್ಲ ಅನ್ನುವುದು ಪಾಠದ ಮೊದಲ ಪುಟದಲ್ಲೇ ಇರುವ ಸಂಗತಿ: ಹಿಮ ಮತ್ತೆ ಮತ್ತೆ ಇಳಿಯುವ ದಾರಿಯಲ್ಲಿ ಮರ ನಿಲ್ಲುವುದಿಲ್ಲ. ಗೈಡು ಅಂಚಿನಲ್ಲಿ ನಿಂತು ಮೇಲೆ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ, "ಸರ್, ಇಧರ್ ಗ್ಲೇಸಿಯರ್ ಆತಾ ಹೈ. ಆಜ್ ನಹೀ. ವಾಪಸ್ ಚಲ್ತೇ ಹೈ" ಅಂದ.

ನಾನು ಏನು ಮಾಡಿದೆ ಗೊತ್ತೆ? ಅವನನ್ನು ತಿದ್ದಿದೆ. ಗ್ಲೇಸಿಯರ್ ಅಂದರೆ ಹಿಮನದಿ, ಅದು ಬರುವುದಿಲ್ಲ, ಇದ್ದಲ್ಲೇ ಇರುತ್ತದೆ, ನೀನು ಹೇಳುತ್ತಿರುವುದು ಅವಲಾಂಚ್ ಎಂದೆ. ಗಢವಾಲದ ಹಳ್ಳಿಗಳಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ತಿಳಿಯದಿದ್ದರೂ ಏನಂತೆ, ಪ್ರಾಣ ಹೋಗುವ ವಿಚಾರ ಹೇಳುತ್ತಿದ್ದವನಿಗೆ ನಾನು ಮೇಷ್ಟ್ರಾಗಿ ನಿಂತೆ. ಅವನು ಅದಕ್ಕೂ "ಜೀ ಸರ್" ಅಂದ. ರಾತ್ರಿ ಗಾಳಿ ಬೀಸಿತ್ತು ಎಂದ. ಬಿಸಿಲು ಬಿದ್ದು ಒಂದು ಗಂಟೆಯಾಯಿತು ಎಂದ. ಎರಡೂ ಪುಸ್ತಕದಲ್ಲಿರುವ ಮಾತೇ. ಗಾಳಿ ಬೆಟ್ಟದ ಆಚೆ ಮಗ್ಗುಲಿನ ಹಿಮವನ್ನು ಎತ್ತಿ ತಂದು ಈಚೆ ಮಗ್ಗುಲಿಗೆ ಹೇರುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ಬೇಗ. ಮೇಲೆ ಬಿಸಿಲು ತಾಗಿದರೆ ಕಟ್ಟು ಸಡಿಲ. ನಾನು ಓದಿದ್ದೆ, ಅವನು ನೋಡಿದ್ದ.

ಆದರೆ ನನ್ನ ಜೇಬಿನಲ್ಲಿ ಬುಲೆಟಿನ್ ಇತ್ತಲ್ಲ. 1969ರಿಂದ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೇ ಅಂತ ಡಿ.ಆರ್.ಡಿ.ಒ. ಒಂದು ಸಂಸ್ಥೆ ನಡೆಸುತ್ತಿತ್ತು. ಈಗ ಅದು ಡಿ.ಜಿ.ಆರ್.ಇ. ಎಂಬ ದೊಡ್ಡ ಸಂಸ್ಥೆಯೊಳಗೆ ಸೇರಿದೆ. ಯಾವ ಜಿಲ್ಲೆಯಲ್ಲಿ ಅಪಾಯ ಎಷ್ಟು ಎಂದು ಅವರು ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ನಾನು ಇಳಿಸಿಕೊಂಡಿದ್ದರಲ್ಲಿ ಎರಡು ಅಂತ ಇತ್ತು. ಸಾಂಕ್ರಿ ದಾಟಿದ ಮೇಲೆ ಸಿಗ್ನಲ್ ಇಲ್ಲ, ಹಾಗಾಗಿ ಅದು ಹಳೆಯ ಬುಲೆಟಿನ್ ಅನ್ನುವುದೂ, ಇಡೀ ಜಿಲ್ಲೆಗೆ ಹೇಳಿದ ಮಾತು ಈ ಒಂದು ಕೊರಕಲಿಗೆ ಅನ್ವಯಿಸಬೇಕೆಂದಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ಲೆಕ್ಕಪತ್ರದಲ್ಲಿ ಮೂವತ್ತು ವರ್ಷ ಇದ್ದವನು ಹಳೆಯ ಬ್ಯಾಲೆನ್ಸ್ ಶೀಟ್ ತೋರಿಸಿ ಸಾಲ ಕೇಳುವವರನ್ನು ಎಷ್ಟು ನೋಡಿಲ್ಲ! ಅವತ್ತು ಅದನ್ನೇ ನಾನು ಮಾಡಿದೆ.

ಫೋನಿನಲ್ಲಿ ಇಳಿಜಾರು ಅಳೆಯುವ ಆ್ಯಪ್ ಇತ್ತು. ಊರುಗೋಲಿನ ಮೇಲೆ ಫೋನಿಟ್ಟು ಅಳೆದೆ. 34. "ನೋಡಿ, ಬರೀ 34. ಅತಿ ಹೆಚ್ಚು ಕುಸಿಯುವುದು 38ರ ಹತ್ತಿರ" ಎಂದು ಹುಡುಗರಿಗೆ ಹೇಳಿದೆ. 30ರಿಂದ 45 ಎಂದು ನೂರು ಸಲ ಬಾಯಿಪಾಠ ಒಪ್ಪಿಸಿದವನು ನಾನೇ. ನಾಲ್ಕು ಡಿಗ್ರಿ ರಿಯಾಯಿತಿ ಸಿಕ್ಕಿತು ಅನ್ನುವ ಧಾಟಿಯಲ್ಲಿ ಮಾತಾಡಿದವನೂ ನಾನೇ. ಅದೂ ಅಳೆದದ್ದು ನಾವು ಕಾಲಿಡುವ ಜಾಗವನ್ನು. ಬೀಳುವುದು ಮೇಲಿನಿಂದ. ಮೇಲೆ ಎಷ್ಟು ಕಡಿದಿತ್ತೋ ಆ ಭಗವಂತನಿಗೇ ಗೊತ್ತು. ಹಳೆಯ ಹೆಜ್ಜೆ ಗುರುತುಗಳಿದ್ದವು. ಹುಡುಗರಲ್ಲೊಬ್ಬ ಅದನ್ನು ತೋರಿಸಿ, "ಯಾರೋ ಹೋಗಿದ್ದಾರಲ್ಲ ಸಾರ್" ಅಂದ. ಅದೂ ನಮ್ಮ ಪರವಾಗಿ ಒಂದು ಸಾಕ್ಷಿಯಾಯಿತು.

ಗೈಡು ಅಲುಗಲಿಲ್ಲ. ಆಗ ನಾನು ಆಡಿದ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ಹಾಗಾದ್ರೆ ಅರ್ಧ ದುಡ್ಡು ವಾಪಸ್ ಕೇಳಬೇಕಾಗುತ್ತೆ. ಕಂಪನಿಗೆ ಕಂಪ್ಲೇಂಟ್ ಬರೀತೀನಿ." ರಜೆ ಹಾಕಿ, ವಿಮಾನದ ಟಿಕೆಟ್ ಮಾಡಿಸಿ, ಬಾಡಿಗೆಗೆ ಜಾಕೆಟ್ಟು ತಂದು ಇಷ್ಟು ದೂರ ಬಂದದ್ದು ಒಂದು ಕೊರಕಲು ನೋಡಿ ಹಿಂದಿರುಗುವುದಕ್ಕೇ ಅನ್ನುವ ಸಂಕಟ ಆ ಮಾತಿನ ಹಿಂದಿತ್ತು. ಆ ಹುಡುಗರ ಮುಂದೆ ಮುಖ ಸಣ್ಣದಾಗುವ ಭಯವೂ ಇತ್ತು. ಅವನು ನನ್ನನ್ನೊಮ್ಮೆ ನೋಡಿ ಚೀಲ ಬೆನ್ನಿಗೇರಿಸಿದ.

"ಏಕ್ ಏಕ್ ಕರ್ಕೇ. ರುಕನಾ ಮತ್" ಎಂದು ಹೇಳಿ ನಡೆದ. ಒಬ್ಬೊಬ್ಬರಾಗಿ, ಎಲ್ಲೂ ನಿಲ್ಲದೆ. ಭಾವಮೈದ ಆಚೆ ದಡ ಸೇರಿದ. ನಾನು ಅರ್ಧ ದಾರಿಗೆ ಬಂದಾಗ ಕೆಳಗೆಲ್ಲೋ ನೆಲದೊಳಗಿಂದ ಗುಬ್ ಎಂದು ಒಂದು ಶಬ್ದ ಬಂತು. ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ತಿಳಿದ ಶಬ್ದ. ಹಿಂದೆ ಇದ್ದ ಹುಡುಗರು ಹೆದರಿ ಬೇಗ ಬೇಗ ನನ್ನ ಹತ್ತಿರ ಬಂದುಬಿಟ್ಟರು. "ಏನೂ ಇಲ್ಲ, ಹಿಮ ಕೂತ್ಕೊಳ್ತಿದೆ, ಗಟ್ಟಿಯಾಗ್ತಿದೆ, ಒಳ್ಳೇದೇ" ಎಂದೆ. ಆಚೆಯಿಂದ ಭಾವಮೈದ, "ಭಾವಾ, ಅಲ್ಲೇ ಇರಿ, ಸೂಪರ್ ಆಗಿದೆ" ಎಂದು ಫೋನು ಎತ್ತಿದ. ಮೂವರೂ ಒತ್ತೊತ್ತಾಗಿ ನಿಂತು ನಕ್ಕೆವು.

ಏನೂ ಆಗಲಿಲ್ಲ. ದಾಟಿದೆವು, ಹರ್ ಕಿ ದೂನ್‌ನ ಬಯಲು ನೋಡಿದೆವು, ಸ್ವರ್ಗಾರೋಹಿಣಿಗೆ ಸಂಜೆ ಬಿಸಿಲು ಬಿದ್ದಾಗ ಎಲ್ಲರ ಬಾಯಿ ಕಟ್ಟಿತು. ಹಿಂದಿರುಗುವ ದಿನ ಗೈಡು ಇನ್ನೂ ಕತ್ತಲಿರುವಾಗಲೇ ಎಬ್ಬಿಸಿ, ಟೀ ಕೂಡ ಕುಡಿಸದೆ ಹೊರಡಿಸಿದ. ಬೇಗ ಮನೆ ಸೇರುವ ಆತುರ ಇವನಿಗೆ ಎಂದು ನಾನು ಕನ್ನಡದಲ್ಲಿ ಗೊಣಗಿದೆ. ಟಾರ್ಚು ಹಾಕಿಕೊಂಡು, ಕಲ್ಲಿನಂತೆ ಹೆಪ್ಪುಗಟ್ಟಿದ ಅದೇ ಕೊರಕಲನ್ನು ಅವನು ನಮ್ಮನ್ನು ಒಬ್ಬೊಬ್ಬರಾಗಿ ದಾಟಿಸಿದ. ಯಾಕೆ ಆ ಹೊತ್ತಿನಲ್ಲಿ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನಾನು ಸಣ್ಣ ಮಟ್ಟದ ಗಣ್ಯನಾದೆ. ಡಿಸೆಂಬರಿನಲ್ಲಿ ನಮ್ಮ ಬಡಾವಣೆಯ ಸಂಘದವರು ತಿಂಗಳ ಕಾರ್ಯಕ್ರಮಕ್ಕೆ ನನ್ನ ಉಪನ್ಯಾಸ ಇಟ್ಟುಕೊಂಡರು. ಪ್ರೊಜೆಕ್ಟರು ತರಿಸಿದರು. ನಲವತ್ತು ಜನ ಸೇರಿರಬಹುದು. ಸಂಘದ ವಾರ್ಷಿಕ ಸಭೆಗೂ ಅಷ್ಟು ಜನ ಬರುವುದಿಲ್ಲ. ರವೆ, ತಟ್ಟೆ, ಹಲಗೆ ಎಲ್ಲ ತೆಗೆದುಕೊಂಡು ಹೋಗಿದ್ದೆ. ಹನುಮಂತಪ್ಪನವರಿಂದ ಶುರು ಮಾಡಿ, 15 ನಿಮಿಷದ ಲೆಕ್ಕ ಹೇಳಿ, ಕೊನೆಗೆ ಆ ಫೋಟೊ ಹಾಕಿದೆ. ಬೆಳ್ಳನೆಯ ಇಳಿಜಾರಿನ ನಟ್ಟನಡುವೆ ನಾವು ಮೂವರು, ಮೇಲೆ ನೀಲಿ ಆಕಾಶ. ಚಪ್ಪಾಳೆ ಬಿತ್ತು.

ಕೊನೇ ಸಾಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದ ಒಬ್ಬ ಹಿರಿಯರು ಕೈ ಎತ್ತಿದರು. ಸುಲ್ತಾನ್‌ಪಾಳ್ಯದ ಕಡೆ ಮನೆ. ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು, ಸಿಯಾಚಿನ್‌ನಲ್ಲೂ ಇದ್ದವರು. ಅದು ನನಗೆ ಆಗ ಗೊತ್ತಿರಲಿಲ್ಲ. ಬೆಂಗಳೂರಿನ ಚಳಿಗೆ ಮಂಕಿ ಕ್ಯಾಪ್ ಹಾಕಿದವರು ಹಿಮದ ಬಗ್ಗೆ ಏನು ಕೇಳಬಹುದು ಎಂದು ಒಳಗೊಳಗೇ ನಗು ಬಂತು.

"ಆ ಗೆರೆ ಏನು ಸಾರ್?"

"ಯಾವ ಗೆರೆ?"

ಅವರು ಎದ್ದು ಬಂದರು. ಪರದೆಯ ಮೇಲೆ ಅವರ ಬೆರಳಿನ ನೆರಳು ಬಿತ್ತು. ನನ್ನ ಬೂಟಿನ ಪಕ್ಕದಿಂದ ಹೊರಟು, ಹುಡುಗರ ಕಾಲ ಬುಡದಲ್ಲಿ ಹಾದು, ಬಲಗಡೆಗೆ ಹತ್ತಿಪ್ಪತ್ತು ಅಡಿಯವರೆಗೂ ಹೋಗಿದ್ದ, ತೆಳ್ಳಗಿನ ಬೂದು ಗೆರೆ. ಆ ಚಿತ್ರವನ್ನು ನಾನು ದೊಡ್ಡದು ಮಾಡಿ ಹಾಲಿನಲ್ಲಿ ತೂಗುಹಾಕಿದ್ದೆ. ದಿನಾ ನೋಡುತ್ತಿದ್ದೆ. ನನ್ನ ಮುಖ ನೋಡುತ್ತಿದ್ದೆನೇ ಹೊರತು ಕಾಲಬುಡವನ್ನಲ್ಲ.

"ಹಗ್ಗದ ನೆರಳು ಇರಬೇಕು" ಎಂದೆ. ಹಗ್ಗವೇ ಇರಲಿಲ್ಲ.

"ಶಬ್ದ ಏನಾದ್ರೂ ಬಂದಿತ್ತಾ?"

ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಗಂಟಲು ಒಣಗಿತು. "ಗುಬ್ ಅಂತ..." ಅಂದೆ.

ಅವರು ತಲೆಯಾಡಿಸಿ, ಚಿತ್ರದ ಅಂಚಿನಲ್ಲಿ ನಮ್ಮಿಂದ ದೂರ ನಿಂತಿದ್ದ ಗೈಡನ್ನು ತೋರಿಸಿದರು. ನಾವು ಮೂವರೂ ಕ್ಯಾಮೆರಾ ನೋಡಿ ಹಲ್ಲು ಬಿಟ್ಟಿದ್ದರೆ ಅವನೊಬ್ಬ ಕತ್ತೆತ್ತಿ ಬೆಟ್ಟದ ನೆತ್ತಿ ನೋಡುತ್ತಿದ್ದ. "ಇವನಿಗೆ ಗೊತ್ತಾಗಿದೆ" ಎಂದು ಹೇಳಿ ಹೋಗಿ ತಮ್ಮ ಜಾಗದಲ್ಲಿ ಕೂತರು. ಮುಂದೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ವಾದ ಹೂಡಬಹುದಿತ್ತು. ಸಂಘದ ಕಾರ್ಯದರ್ಶಿಗಳು ಸಮಯಪ್ರಜ್ಞೆಯುಳ್ಳವರು. ಬೋಂಡಾ ಆರಿಹೋಗುತ್ತದೆಂದು ಪ್ರಕಟಿಸಿದರು.

ಆ ಗೆರೆಯ ಅರ್ಥ ನನಗೆ ಗೊತ್ತಿತ್ತು, ಅದೇ ಕಷ್ಟ. ಆ ಗುಬ್, ಅಡಿಯ ರವೆ ಪದರ ಕುಸಿದು ಕೂತಾಗ ಬರುವ ಶಬ್ದ. ಮೇಲಿನ ಚಪ್ಪಡಿ ಬಿರುಕು ಬಿಟ್ಟು, ಬಿರುಕು ಕಾಲಿಂದ ಓಡುತ್ತದೆ. ಹಿಮವೇ ಬಾಯಿಬಿಟ್ಟು ಕೊಡುವ ಎಚ್ಚರಿಕೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದಿಲ್ಲ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ನಾನು ಅಡಿಗೆರೆ ಹಾಕಿಕೊಂಡಿದ್ದೆ. ಆ ದಿನ ಚಪ್ಪಡಿ ಯಾಕೆ ಜಾರಲಿಲ್ಲ ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬೋಂಡಾ ತಿನ್ನುತ್ತಾ ಸುಬೇದಾರರು ತಮ್ಮ ಕಾಲದ ವಿಷಯ ಹೇಳಿದರು. ಇಂಥ ಜಾಗಗಳನ್ನು ಅವರು ದಾಟುತ್ತಿದ್ದದ್ದು ರಾತ್ರಿ, ಇಲ್ಲವೇ ಬಿಸಿಲು ಬೀಳುವ ಮೊದಲು. ಒಬ್ಬ ದಾಟುವವರೆಗೂ ಇನ್ನೊಬ್ಬ ಕಾಲಿಡುವ ಹಾಗಿಲ್ಲ. ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿರಬೇಕು, ಊರುಗೋಲಿನ ಕುಣಿಕೆಗೆ ಕೈ ತೂರಿಸಬಾರದು. ಹಿಮ ಎಳೆದರೆ ಅವೇ ನಮ್ಮನ್ನು ಒಳಗೆ ಎಳೆಯುತ್ತವೆ. ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿ ಹಿಂದೆ ಬಿಡುತ್ತಿದ್ದರಂತೆ. ಮನುಷ್ಯ ಹೂತರೂ ದಾರದ ಒಂದು ತುದಿ ಮೇಲೆ ಕಾಣಲಿ ಎಂದು. "ಇಷ್ಟು ಮಾಡಿಯೂ ಹುಡುಗರು ಹೋಗ್ತಿದ್ರು ಸಾರ್" ಎಂದು ಹೇಳಿ ಇನ್ನೊಂದು ಬೋಂಡಾ ತೆಗೆದುಕೊಂಡರು.

ಅಷ್ಟರಲ್ಲಿ ಕಾಲೇಜಿನ ಇಬ್ಬರು ಹುಡುಗರು ಬಂದು ಆ ಜಾಗಕ್ಕೆ ಹೋಗುವುದು ಹೇಗೆ ಅಂಕಲ್ ಎಂದು ಕೇಳಿದರು. ಸುಬೇದಾರರ ಪ್ರಶ್ನೆಗಳನ್ನೆಲ್ಲ ಕೇಳಿದ ಮೇಲೂ. ಒಬ್ಬ ನನ್ನ ಮಾತನ್ನು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ. ತಪ್ಪಿದ್ದರೆ ತಿದ್ದಿ ಎಂದು ತೋರಿಸಿದ. "34 ಡಿಗ್ರಿ ಓಕೆ" ಅಂತ ಇತ್ತು.

ಅವತ್ತು ರಾತ್ರಿ ನಿದ್ದೆ ಬಂದದ್ದು ತಡವಾಗಿ. ಹೆಂಡತಿ ಏನಾಯ್ತು ಅಂದರೆ, ಬೋಂಡಾ ಜಾಸ್ತಿ ಆಯ್ತು ಎಂದೆ.

ನನ್ನಂಥವರ ಬಗ್ಗೆ ಆಗಲೇ ಅಧ್ಯಯನ ಆಗಿದೆ ಅನ್ನುವುದು ಆಮೇಲೆ ಕಣ್ಣಿಗೆ ಬಿತ್ತು. ಇಯಾನ್ ಮೆಕ್‌ಕ್ಯಾಮನ್ ಎಂಬ ಅಮೆರಿಕದ ಸಂಶೋಧಕರು ತಮ್ಮ ದೇಶದಲ್ಲಿ ಹಿಮದಲ್ಲಿ ವಿಹಾರಕ್ಕೆ ಹೋದವರ 715 ಅಪಘಾತಗಳನ್ನು ತೆಗೆದುಕೊಂಡು, ಅವರು ಯಾಕೆ ಕಾಲಿಟ್ಟರು ಎಂದು ನೋಡಿದರು. ಪರಿಚಯದ ಜಾಗ ಎಂಬ ಧೈರ್ಯ. ಮೊದಲೇ ಹೊರಟಾಗಿದೆ, ಹಿಂದಿರುಗುವುದು ಹೇಗೆ ಎಂಬ ಹಟ. ಗುಂಪಿನಲ್ಲಿ ತಿಳಿದವನು ಅನಿಸಿಕೊಂಡವನ ಮಾತು. ಜೊತೆಯವರ ಮುಂದೆ ಒಪ್ಪಿಗೆಯ ಆಸೆ. ಅಲ್ಪಸ್ವಲ್ಪ ತರಬೇತಿ ಪಡೆದವರೂ ಏನೂ ತಿಳಿಯದವರಷ್ಟೇ ಅಪಾಯಕ್ಕೆ ತಲೆಯೊಡ್ಡಿದ್ದರು. ಓದುತ್ತಾ ಓದುತ್ತಾ ಆ ವರದಿಯಲ್ಲಿ ನನ್ನ ವಿಳಾಸವೊಂದು ಇಲ್ಲ, ಅಷ್ಟೇ ಅನಿಸಿತು. ನಾನು ಹಿಮದ ವಿಚಾರ ಕಲಿಯಲು ಹೊರಟದ್ದು ಹೆದರುವುದಕ್ಕೆ ಅಂತ. ಎಲ್ಲೋ ನಡುವೆ ಅದು ಹೆದರುವವರ ಬಾಯಿ ಮುಚ್ಚಿಸುವ ವಿದ್ಯೆಯಾಗಿಬಿಟ್ಟಿತು. ಏನೂ ಓದದಿದ್ದರೆ ಗೈಡು ಬೇಡ ಎಂದ ಕೂಡಲೇ ನಾನು ಹಿಂದಿರುಗುತ್ತಿದ್ದೆ, ಅನುಮಾನವೇ ಇಲ್ಲ.

ಇನ್ನೊಂದು ತೊಡಕಿದೆ. ಹಿಮದ ಇಳಿಜಾರು ಬಹುತೇಕ ದಿನ ಗಟ್ಟಿಯಾಗಿಯೇ ಇರುತ್ತದೆ. ತಪ್ಪು ಮಾಡಿ ದಾಟಿದವನಿಗೂ ಸರಿಯಾಗಿ ದಾಟಿದವನಿಗೂ ಅದು ಒಂದೇ ಫಲಿತಾಂಶ ಕೊಡುತ್ತದೆ: ಪಾಸು. ಲೆಕ್ಕ ತಪ್ಪಿದರೆ ಆಡಿಟರ್ ಹಿಡಿಯುತ್ತಾನೆ, ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಸುಬೇದಾರರಿಗೆ ನೆಗಡಿಯಾಗಿ ಅವತ್ತು ಬರದೇ ಇದ್ದಿದ್ದರೆ ನಾನು ಆ ಉಪನ್ಯಾಸವನ್ನು ಯಲಹಂಕದಲ್ಲೂ ಯಶವಂತಪುರದಲ್ಲೂ ಮಾಡುತ್ತಿದ್ದೆ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಶಿಖರದ ಹತ್ತಿರ ಹಿಮಕುಸಿತವಾಗಿ, ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದವರು ಸಿಕ್ಕಿಬಿದ್ದರು. 27 ದೇಹಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ. ಅವರಲ್ಲಿ ಕರ್ನಾಟಕದ ಹುಡುಗರೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿ ಬಂದಿದ್ದ ಸವಿತಾ ಕಂಸ್ವಾಲ್ ಬೋಧಕರಾಗಿ ಹೋಗಿದ್ದವರು, ಅವರೂ ಹೋದರು. 2024ರ ಜೂನ್ ಮೊದಲ ವಾರ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಅಸುನೀಗಿದರು. ಬಹುಪಾಲು ಬೆಂಗಳೂರಿನವರು, ನನ್ನ ವಯಸ್ಸಿನವರು, ನನಗಿಂತ ಹಿರಿಯರು. ನಮ್ಮ ಪಕ್ಕದ ಬ್ಯಾಟರಾಯನಪುರದ ಶಾಸಕರೂ ಆಗಿರುವ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಉಳಿದವರನ್ನು ಕರೆತರುವ ವ್ಯವಸ್ಥೆ ನೋಡಿಕೊಂಡರು. ಆ ವಾರವೆಲ್ಲ ಪರಿಚಯದವರು ನನಗೆ ಫೋನು ಮಾಡಿದರು: "ನಿಮಗೆ ಗೊತ್ತಲ್ಲ ಸಾರ್, ಅವರು ಏನು ತಪ್ಪು ಮಾಡಿದ್ರು?" ನನ್ನಷ್ಟು ತಪ್ಪು ಮಾಡಿರಲಾರರು, ನನ್ನಷ್ಟು ಪುಣ್ಯ ಅವರಿಗಿರಲಿಲ್ಲ ಎಂದೆ. ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು.

ಅದಾದ ಮೇಲೆ ಒಂದು ದಿನ ಹಳೇ ಡೈರಿಯಲ್ಲಿ ನಂಬರು ಹುಡುಕಿ ಗೈಡಿಗೆ ಫೋನು ಮಾಡಿದೆ. ಕ್ಷಮೆ ಕೇಳಿಬಿಡೋಣ ಎಂದು ಹಿಂದಿಯಲ್ಲಿ ನಾಲ್ಕು ವಾಕ್ಯ ಬರೆದಿಟ್ಟುಕೊಂಡಿದ್ದೆ. ಬೆಂಗಳೂರಿನಿಂದ ಎಂದೆ. "ಯಾವ ಬೆಂಗಳೂರು ಸರ್? ಬೆಂಗಳೂರಿನವರು ತುಂಬಾ ಜನ ಬರ್ತಾರೆ" ಅಂದ. ಕೊರಕಲಿನ ಹತ್ತಿರ ಜಗಳವಾಯಿತಲ್ಲ, ದುಡ್ಡು ವಾಪಸ್ ಕೊಡು ಅಂದೆನಲ್ಲ, ಕಂಪ್ಲೇಂಟ್ ಬರೀತೀನಿ ಅಂದೆನಲ್ಲ ಎಂದು ಒಂದೊಂದೇ ಗುರುತು ಕೊಟ್ಟೆ. ನೆನಪಾಗಲಿಲ್ಲ. "ಸಬ್ ಐಸಾ ಹೀ ಬೋಲ್ತೇ ಹೈ ಸರ್" ಎಂದು ನಕ್ಕ. ಎಲ್ಲರೂ ಹಾಗೇ ಅನ್ನುತ್ತಾರೆ. ಯಾವಾಗ ಬರ್ತೀರಿ ಎಂದು ಕೇಳಿದ. ಬರೆದಿಟ್ಟುಕೊಂಡಿದ್ದ ವಾಕ್ಯಗಳು ಹಾಗೇ ಉಳಿದವು.

ಹಾಲಿನ ಫೋಟೊ ಇನ್ನೂ ಅಲ್ಲೇ ಇದೆ. ತೆಗೆದುಬಿಡೋಣ ಎಂದುಕೊಂಡರೆ, ಆ ಜಾಗದಲ್ಲಿ ಗೋಡೆಯ ಬಣ್ಣ ಬೇರೆ ಕಾಣುತ್ತೆ ಎಂದು ಹೆಂಡತಿ ಬೇಡವೆಂದಳು. ಕಳೆದ ಚಳಿಗಾಲ ಮೇಲಿನ ಮನೆಯವರ ಮಗಳು, ಸಾಫ್ಟ್‌ವೇರ್ ಕೆಲಸದಲ್ಲಿರುವವಳು, ಗೆಳತಿಯರೊಡನೆ ಚಾರಣಕ್ಕೆ ಹೊರಟವಳು ಬಂದು ಅದರ ಮುಂದೆ ನಿಂತಳು. "ಅಂಕಲ್, ನೀವು ಎಕ್ಸ್‌ಪರ್ಟ್ ಅಂತೆ. ಏನೇನು ನೋಡ್ಕೋಬೇಕು ಹೇಳಿ." ನಾಲಿಗೆ ತುದಿಗೆ 30, 45, 15 ಎಲ್ಲ ಬಂದವು. ನುಂಗಿಕೊಂಡೆ.

"ಗೈಡು ವಾಪಸ್ ಹೋಗೋಣ ಅಂದ್ರೆ ಎರಡನೇ ಮಾತಿಲ್ಲದೆ ಬಂದ್ಬಿಡಮ್ಮ. ಟಿಕೆಟ್ಟು, ಪ್ಯಾಕೇಜು, ಎಷ್ಟೇ ದುಡ್ಡು ಹೋದ್ರೂ ನಾನು ಕೊಡ್ತೀನಿ."

ಅವಳು ನಕ್ಕಳು. "ನಾವು ಆರು ಜನ ಅಂಕಲ್."

"ಆರು ಜನರದ್ದೂ."

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. "ಯಾರ ದುಡ್ಡು?" ಎಂದು ಹೆಂಡತಿ ಕೇಳಿದಳು.